ಕಾರಿಗೆ ಕಟ್ಟಿದ ಎತ್ತಿನ ಗಂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೈಯುವವರಿಗೆ ಸುಲಭ: ವೈರು ಕತ್ತರಿಸಿದ್ದು ನಾನೇ.

ಮಾವನ ಹೊಸ ಎಲೆಕ್ಟ್ರಿಕ್ ಕಾರಿನ ಮೂತಿಯೊಳಗೆ, ಬಂಪರಿನ ಹಿಂದೆ, ಅಂಗೈಯಗಲದ ಒಂದು ಸ್ಪೀಕರ್ ಇತ್ತು. ಎಂಜಿನ್ ಇಲ್ಲದ ಗಾಡಿ ಸದ್ದಿಲ್ಲದೆ ಬಂದು ಯಾರಿಗಾದರೂ ಗುದ್ದೀತು ಅಂತ, ನಿಧಾನಕ್ಕೆ ಹೋಗುವಾಗಲೆಲ್ಲ ಅದು ತನ್ನಷ್ಟಕ್ಕೆ ಸಣ್ಣಗೆ ರಾಗ ಎಳೆಯುತ್ತಿತ್ತು. ಅದರ ಬಾಯಿ ಮುಚ್ಚಿಸಿ ಆ ಜಾಗದಲ್ಲಿ ನನ್ನ ಬಾಯಿ ಕೂರಿಸಿದವನು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೈಮುಗಿದು ಕೇಳಿಕೊಂಡಿರಲಿಲ್ಲ. ಅಜ್ಜಿಗೋಸ್ಕರ ಮಾಡಿದೆ ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಅರ್ಧ ನಿಜ. ಇನ್ನರ್ಧ, ನನ್ನ ಕೈ ಸುಮ್ಮನಿರುವುದಿಲ್ಲ, ಬಾಯಿ ಮೊದಲೇ ಸುಮ್ಮನಿರುವುದಿಲ್ಲ. "ಇವ್ನಿಗೆ ತಲೆ ಇರೋ ಜಾಗದಾಗೂ ನಾಲ್ಗೆನೇ ಇಟ್ಟವ್ನೆ ದ್ಯಾವ್ರು" ಅಂತ ಮಾವ ಹೇಳುವುದು ಹೊಸದೇನಲ್ಲ.

ಮಾವ ಅಂದರೆ ನಮ್ಮಮ್ಮನ ತಮ್ಮ. ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ. ಮನೆ ಮಾತ್ರ ಅರಕಲಗೂಡಿನ ದಾರಿಯಲ್ಲಿರುವ ಹಳ್ಳಿಯಲ್ಲಿ, ಟಾರು ರಸ್ತೆಗೆ ಬಾಗಿಲು ತೆರೆದುಕೊಂಡು. ಕಾರು ಅವರದು, ಡ್ರೈವರ್ ನಾನು. ಅವರನ್ನು ಅಂಗಡಿಗೆ ಬಿಟ್ಟು, ಮಿಕ್ಕ ಹೊತ್ತು ಹಾಸನದ ಕಡೆ ಬಾಡಿಗೆ ಸಿಕ್ಕರೆ ಓಡಿಸುತ್ತೇನೆ. ಹೊಟ್ಟೆಪಾಡಿಗೆ ಸ್ಟಿಯರಿಂಗ್, ಚಪಲಕ್ಕೆ ಮಿಮಿಕ್ರಿ. ಶಾಲೆಯ ಹೆಡ್ ಮೇಷ್ಟ್ರು, ಹಾಸನ ಬಸ್‌ಸ್ಟ್ಯಾಂಡಿನ ಮೈಕು, ಮೊಟ್ಟೆ ಇಟ್ಟು ಊರಿಗೆಲ್ಲ ಸಾರುವ ಕೋಳಿ, ಹೊಸದಾಗಿ ಮೆಂಬರಾದವರ ಭಾಷಣ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟುಕೊಂಡಿಲ್ಲ. ಹೆಣ್ಣು ನೋಡಲು ಹೋದಾಗ "ಡ್ರೈವಿಂಗ್ ಬಿಟ್ರೆ ಬೇರೆ ಏನ್ ಮಾಡ್ತೀರಪ್ಪ?" ಅಂತ ಹುಡುಗಿಯ ಅಪ್ಪ ಕೇಳಿದ್ದಕ್ಕೆ ನನ್ನ ಗಂಟಲಿಂದ ಹೊರಟ ಕೀಚಲು ದನಿಯನ್ನು ಈಗಲೂ ಮದುವೆಮನೆಗಳಲ್ಲಿ ಮಾಡಿ ತೋರಿಸುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ಹೆಣ್ಣು ಮಾತ್ರ ಇನ್ನೂ ಸಿಕ್ಕಿಲ್ಲ.

ಇನ್ನು ಅಜ್ಜಿ. ಮಾವನ ತಾಯಿ, ನನ್ನ ತಾಯಿಯ ತಾಯಿ. ಸಕ್ಕರೆ ಕಾಯಿಲೆ ಅವಳ ಒಂದು ಕಣ್ಣನ್ನು ಪೂರ್ತಿ, ಇನ್ನೊಂದನ್ನು ಮುಕ್ಕಾಲು ತಿಂದಿದೆ. ಬೆಳಕು, ನೆರಳು, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟು ಕಾಣುತ್ತದೆ. ಆದರೂ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟಿ ಎದುರಿನ ಡೈರಿಗೆ ತಾನೇ ಹೋಗಬೇಕು. ಬೇರೆ ಯಾರಾದರೂ ಒಯ್ಯುತ್ತೇವೆ ಅಂದರೆ, "ನೀವ್ ತಗಂಡೋದ್ರೆ ಹಾಲು ಒಡ್ದೋಯ್ತದೆ" ಅನ್ನುತ್ತಾಳೆ. ಅಲ್ಲಿ ಅವಳಿಗೊಂದು ಕಲ್ಲು ಇದೆ, ಕೂರುವುದಕ್ಕೆ. ಹಾಲು ಅಳೆಸಿ, ಡಿಗ್ರಿ ಕಮ್ಮಿ ಬಂತು ಅಂತ ಸೆಕ್ರೆಟರಿ ಜೊತೆ ಜಗಳ ಆಡಿ, ಯಾರ ಮನೆ ಹಸು ಕಟ್ಟಿದೆ, ಯಾರ ಮನೆ ಸೊಸೆ ತವರಿಗೆ ಹೋಗಿದ್ದಾಳೆ ಅಂತ ಎಲ್ಲ ವಿಚಾರಿಸಿ, ಕತ್ತಲಾಗುವ ಮುಂಚೆ ವಾಪಸ್ಸು ಬರುತ್ತಾಳೆ. ಅವಳ ದಿನ ಅಂದರೆ ಅದೇ. ಮಿಕ್ಕಿದ್ದೆಲ್ಲ ಎರಡು ಡೈರಿಯ ನಡುವಿನ ಕಾಯುವಿಕೆ.

ರಸ್ತೆ ದಾಟುವುದು ಕಿವಿಯಿಂದ. ಅಂಚಿಗೆ ಬಂದು ಕತ್ತು ಓರೆ ಮಾಡಿ ನಿಲ್ಲುತ್ತಾಳೆ. "ಇದು ಡೈರಿ ಟೆಂಪೋ, ಓಗ್ಲಿ. ಇದು ಟಿಲ್ಲರ್ರು, ಬರೋದು ಇನ್ನೂ ಯಾವ್ ಕಾಲಕ್ಕೋ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಇಳಿಯುತ್ತಾಳೆ. ಯಾವತ್ತೋ ಒಂದು ದಿನ ಇದು ನಿಲ್ಲಬೇಕು ಅಂತ ಮಾವನ ಆಸೆ. ಬದುಕಿರೋತನಕ ನಿಲ್ಲಕೂಡದು ಅಂತ ಅಜ್ಜಿಯ ಹಟ. ಈ ಇಬ್ಬರ ನಡುವೆ ಸದ್ದಿಲ್ಲದ ಕಾರು ಬಂತು.

ಬಂದ ದಿನ ಅಜ್ಜಿಯನ್ನು ರಸ್ತೆಯಂಚಿಗೆ ನಿಲ್ಲಿಸಿ ಮುಂದೆ ನಿಧಾನಕ್ಕೆ ಓಡಿಸಿ ತೋರಿಸಿದೆ. "ಅದೇನೋ ನೊಣ ಗುಂಯ್ ಅಂದಂಗೆ ಅಂತೈತೆ. ಬುಡು, ಅಭ್ಯಾಸ ಆಯ್ತದೆ" ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿನವರು ಬಿಡಬೇಕಲ್ಲ. ಅರಳಿಕಟ್ಟೆಯ ಮೇಲೆ ಕೂತ ನನ್ನ ಸ್ನೇಹಿತರು ಅದಕ್ಕೆ ಮೂಗ್ಗಾಡಿ, ಮಾತು ಬಾರದ ಗಾಡಿ, ಅಂತ ಹೆಸರಿಟ್ಟರು. "ಏನ್ಲಾ, ಊರಿಗೆಲ್ಲ ಬಾಯಿ ಆಗಿರೋನ್ಗೆ ಮೂಗ್ಗಾಡಿ ಸಿಕ್ಕೈತಲ್ಲಾ!" ರುದ್ರಪಟ್ಟಣಕ್ಕೆ ಬಾಡಿಗೆ ಹೋದಾಗ ಸಂಗೀತದವರೊಬ್ಬರು, ಕಾರು ಹಿಂದಕ್ಕೆ ತಗೊಳ್ಳುವಾಗ ಕಿವಿಗೊಟ್ಟು ಕೇಳಿ, "ಶ್ರುತಿ ಚೆನ್ನಾಗಿದೆ, ಆದ್ರೆ ವೇಗ ಹೆಚ್ಚಾದ್ರೆ ಶ್ರುತಿನೂ ಏರುತ್ತಲ್ಲಪ್ಪ" ಅಂದರು. ನಾನು ನಕ್ಕೆ. ಆ ಮಾತನ್ನು ಅಲ್ಲೇ ಕೈಬಿಟ್ಟು ಬಂದೆ. ಅದನ್ನು ಸ್ವಲ್ಪ ತಲೆಗೆ ಹಾಕಿಕೊಂಡಿದ್ದರೆ ಇವತ್ತು ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಹಾಸನದಲ್ಲಿ ಕಾರಿಗೆ ಸೀಟು ಕವರು, ಬಣ್ಣದ ಲೈಟು ಹಾಕುವ ಒಂದು ಅಂಗಡಿ. ಅಲ್ಲಿನವನನ್ನು ಕೇಳಿದೆ. "ಅದೇನ್ ಮಹಾ ಸಾ, ಇನ್ನೊಂದ್ ಸ್ಪೀಕರ್ ಕೂರ್ಸಿ ಮೆಮೊರಿ ಕಾರ್ಡ್ ಹಾಕಿದ್ರೆ, ನೀವ್ ಏನ್ ತುಂಬಿದ್ರೂ ಬಡ್ಕತದೆ" ಅಂದ. ಹಳೆಯ ಸ್ಪೀಕರಿನ ವೈರು ಮಾತ್ರ ತಾನು ಮುಟ್ಟುವುದಿಲ್ಲ, ಕಂಪನಿಯವರು ತಕರಾರು ತೆಗೆಯುತ್ತಾರೆ ಅಂದ. ಸರಿ, ಕಟ್ಟಿಂಗ್ ಪ್ಲೇಯರ್ ಇಸಕೊಂಡು ನಾನೇ ಬಗ್ಗಿದೆ. ಟಕ್. ಆ ಒಂದು ಸದ್ದನ್ನು ಮಾತ್ರ ನಾನು ಇವತ್ತಿಗೂ ಮಿಮಿಕ್ರಿ ಮಾಡುವುದಿಲ್ಲ.

ಮೊದಲು ತುಂಬಿದ್ದು ಕಂಡಕ್ಟರ್ ದನಿ. "ಅರಕ್ಲಗೂಡ್ ಅರಕ್ಲಗೂಡ್ ಅರಕ್ಲಗೂಡ್, ಬನ್ನಿ ಮುಂದಕ್ಕ್ ಬನ್ನಿ!" ನನ್ನ ಅತ್ಯುತ್ತಮ ಐಟಂ. ಹತ್ತು ಮದುವೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದು. ಅರಕಲಗೂಡಿನ ಸಂತೆಬೀದಿಯಲ್ಲಿ ಸ್ವಿಚ್ ಒತ್ತಿ ನಿಧಾನಕ್ಕೆ ನುಗ್ಗಿಸಿದೆ. ಜನ ಸರಿಯುತ್ತಾರೆ ಅಂತ ನಾನು ಕಾದರೆ, ಚೀಲ ಹೊತ್ತ ಇಬ್ಬರು ಹೆಂಗಸರು ಓಡಿಬಂದು ಬಾಗಿಲು ಹಿಡಿದರು. "ಕರ್ದು ಕರ್ದು ಬಾಗ್ಲು ಯಾಕಪ್ಪ ತೆಗ್ಯಾಕಿಲ್ಲ?" ಅಂತ ಒಬ್ಬಾಕೆ. ಇದು ಬಸ್ಸಲ್ಲ ತಾಯಿ ಅಂದೆ. "ಅದು ನಮ್ಗೂ ಕಾಣ್ತೈತೆ. ಮತ್ಯಾಕ್ ಕೂಗ್ದೆ?" ಅಂತ ಇನ್ನೊಬ್ಬಾಕೆ. ಇಬ್ಬರನ್ನೂ, ಚೀಲಗಳನ್ನೂ, ಒಂದು ಕೋಳಿಯನ್ನೂ ಅವರವರ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಕೋಳಿ ನನ್ನನ್ನೇ ಬೈಯುತ್ತಿದೆ ಅನಿಸುತ್ತಿತ್ತು.

ಆಮೇಲೆ ನಾಯಿ ಬೊಗಳುವುದು. ಒಂದು ಬೀದಿ ದಾಟುವುದರೊಳಗೆ ಇಡೀ ಊರಿನ ನಾಯಿಗಳು ಬಂಪರಿಗೆ ಸವಾಲು ಹಾಕುತ್ತಾ ನಿಂತವು. ಜನ ಸರಿದರು, ನಿಜ. ನಾಯಿಗಳು ಸರಿಯಲಿಲ್ಲ. ತಲೆ ಕೆಟ್ಟುಹೋಯಿತು. ಒಂದು ಸದ್ದು, ಬರೀ ಒಂದು ಸದ್ದು. ಕೇಳಿದವನು ಸುಮ್ಮನೆ ಪಕ್ಕಕ್ಕೆ ಹೋಗಬೇಕು. ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದೀನಿ, ಅಷ್ಟೂ ಸದ್ದುಗಳಲ್ಲಿ ಜನರನ್ನು ದೂರ ಕಳಿಸುವ ಒಂದಾದರೂ ಬೇಡವಾ?

ಹೊಳೆಯಿತು. ಮಾವನ ಕೆಮ್ಮು.

ಮಾವ ಬರುವ ಮುಂಚೆ ಅವರ ಕೆಮ್ಮು ಬರುತ್ತದೆ. ಎಹ್ಹೆಂ, ಎಹೆಹ್ಹೆಂ. ಅದು ಕೇಳಿದರೆ ಅಂಗಡಿಯ ಹುಡುಗರು ಮೊಬೈಲ್ ಬಚ್ಚಿಟ್ಟು ಮೂಟೆ ಎತ್ತುತ್ತಾರೆ. ನಮ್ಮೂರಲ್ಲಿ ಈ ಉಪಾಯ ಭರ್ಜರಿ ಕೆಲಸ ಮಾಡಿತು. ಕಟ್ಟೆಯ ಮೇಲಿದ್ದವರು ಬೀಡಿ ಎಸೆದು ಎದ್ದುನಿಂತರು. ಆದರೆ ಆ ವಾರವೇ ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ. ಛತ್ರದ ಬಾಗಿಲಲ್ಲಿ ಮಾವನನ್ನು ಇಳಿಸಿದೆ. ಅವರು ಬಿಳಿ ಪಂಚೆ ಎತ್ತಿಕೊಂಡು ಗಂಭೀರವಾಗಿ ಮುಂದೆ ನಡೆದರು. ಹಿಂದೆ ಜನಜಂಗುಳಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ನಾನು ಸ್ವಿಚ್ ಒತ್ತಿದೆ. ಎಹ್ಹೆಂ. ಮಾವ ನಿಂತರು. ಎಹೆಹ್ಹೆಂ. ತಿರುಗಿದರು.

"ಯಾವನ್ಲಾ ಅವ್ನು, ನನ್ನಂಗೇ ಕೆಮ್ಮಿದ್ದು?"

"ಕಾರು, ಮಾವ."

ಪನ್ನೀರು ಎರಚುತ್ತಿದ್ದ ಹುಡುಗಿಯರು ನಗು ತಡೆಯಲಾಗದೆ ಪನ್ನೀರುದಾನಿ ಬೀಳಿಸಿದರು. ಬೀಗರ ಕಡೆಯವರಿಗೆಲ್ಲ ಸುದ್ದಿ ಹರಡಿತು. ಊಟಕ್ಕೆ ಕೂತಾಗ ಮಾವನಿಗೆ ನಿಜವಾಗಿಯೂ ಕೆಮ್ಮು ಬಂದರೂ ನೀರು ಕುಡಿದು ನುಂಗಿಕೊಂಡರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: "ನಾಳೆ ಅದು ಇರಬಾರ್ದು. ಇದ್ರೆ ನೀನೂ ಇರಬಾರ್ದು."

ಮಾವನ ಮನೆಯ ನಡುಮನೆಯಲ್ಲಿ ಮೊಳೆಗೆ ಎರಡು ಕೊರಳಪಟ್ಟಿ ತೂಗುತ್ತವೆ. ಹಿಂದೆ ಮನೆಯಲ್ಲಿದ್ದ ಜೋಡೆತ್ತಿನವು. ಕಂಚಿನ ಗಂಟೆಗಳು, ಅಜ್ಜಿ ಈಗಲೂ ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಾಳೆ. ಅವನ್ನು ಇಳಿಸಿ, ಎತ್ತಿನ ನಡಿಗೆಗೆ ತಕ್ಕಂತೆ ಅಲ್ಲಾಡಿಸಿ ಮೊಬೈಲಿನಲ್ಲಿ ಹಿಡಿದೆ. ಗೊರಸಿನ ಸಪ್ಪಳ, ಗಾಡಿಯ ಅಚ್ಚು ಕಿರುಗುಟ್ಟುವ ಸದ್ದು ನನ್ನ ಬಾಯಿಂದ. ನಾನೇ ಹೇಳಿಕೊಳ್ಳಬಾರದು, ಹೇಳಿಕೊಳ್ಳುತ್ತೇನೆ: ಅದ್ಭುತವಾಗಿತ್ತು. ಕಣ್ಣು ಮುಚ್ಚಿದರೆ ಗಾಡಿ ಬಂದು ಬಾಗಿಲಲ್ಲಿ ನಿಂತ ಹಾಗೆ. ಮೊದಲ ಸಲ ಅಜ್ಜಿಯನ್ನು ಮನೆಯೊಳಗೇ ಕೂರಿಸಿ ಕೇಳಿಸಿದೆ. ಅವಳು ಸೆರಗಲ್ಲಿ ಬಾಯಿ ಒರೆಸಿಕೊಂಡಳು. "ಬಲಗಡೆ ಎತ್ತು ವಸಿ ಕುಂಟೋದು ಕಣ್ಲಾ, ಅದನ್ನ ಬಿಟ್ಬುಟ್ಟಿದೀಯ" ಅಂದಳು. ಕುಂಟು ನಡಿಗೆಯನ್ನೂ ಸೇರಿಸಿದೆ.

ಊರಿಗೆ ಹಿಡಿಸಿತು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿ, ನಕ್ಕು, ಪಕ್ಕಕ್ಕೆ ಸರಿಯುತ್ತಿದ್ದರು. ಮಾವನೂ ಏನೂ ಅನ್ನಲಿಲ್ಲ. ಕೊನೆಗೂ ಗೆದ್ದೆ ಅಂದುಕೊಂಡೆ.

ಒಂದು ಸಂಜೆ ಹಾಲಿನ ಹೊತ್ತು. ಹಾಸನದಿಂದ ಬಾಡಿಗೆ ಮುಗಿಸಿ ಬರುತ್ತಿದ್ದೆ. ಊರಿನ ಮೊದಲ ಮನೆ ಬಂದ ಕೂಡಲೇ ಗಂಟೆಯ ಸ್ವಿಚ್ ಒತ್ತಿದೆ. ಅಜ್ಜಿ ನನಗೆ ದೂರದಿಂದಲೇ ಕಂಡಳು. ಕೈಯಲ್ಲಿ ಕ್ಯಾನು, ರಸ್ತೆಯಂಚು, ಓರೆ ಮಾಡಿದ ಕತ್ತು. ಸದ್ದು ಕೇಳಿಸಿದೆ, ನಿಲ್ಲುತ್ತಾಳೆ ಅಂತ ನಾನು. ಕಾರಿನದೇ ಸದ್ದು ಅಂತ ಗೊತ್ತಿದ್ದರೂ ಕಿವಿಯ ಹಳೆಯ ಲೆಕ್ಕದಲ್ಲಿ ಅದು ಎತ್ತಿನ ಗಾಡಿ, ಬರೋದು ಇನ್ನೂ ಹೊತ್ತಾಗುತ್ತೆ ಅಂತ ಅವಳು. ಅವಸರವಿಲ್ಲದೆ ರಸ್ತೆಗೆ ಇಳಿದಳು. ಇಳಿದದ್ದೂ ಕಾಣಿಸಿತು. ಆಗಲೂ ನಾನು ನಂಬಿದ್ದು ಸದ್ದನ್ನೇ. ಇಷ್ಟು ಜೋರಾಗಿ ಬಡಿದುಕೊಳ್ಳುತ್ತಿದೆ, ಸರಿದುಕೊಳ್ಳದೆ ಎಲ್ಲಿ ಹೋಗುತ್ತಾಳೆ?

ಸರಿದುಕೊಳ್ಳಲಿಲ್ಲ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅವಳು ನಡುರಸ್ತೆಯಲ್ಲಿದ್ದಳು. ಟೈರು ಕಿರುಚಿತು. ಕ್ಯಾನು ಬಂಪರಿಗೆ ತಗುಲಿ ಉರುಳಿತು, ಹಾಲು ಟಾರಿನ ಮೇಲೆ ಹರಿಯಿತು. ಅಜ್ಜಿಗೆ ಏನೂ ತಾಕಲಿಲ್ಲ. ನಿಂತಲ್ಲೇ ನಿಂತಿದ್ದಳು. ಗಂಟೆ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು, ಕುಂಟುತ್ತಾ. ಅವಳು ಕೈ ಚಾಚಿ, ಎತ್ತಿನ ಮುಖ ಸವರುವವಳ ಹಾಗೆ ಗಾಳಿಯಲ್ಲಿ ಹುಡುಕಿದಳು. ಬಾನೆಟ್ಟಿನ ತಣ್ಣನೆಯ ತಗಡು ಕೈಗೆ ಸಿಕ್ಕಿತು.

"ಎತ್ತು ಎಲ್ಲಪ್ಪಾ?" ಅಂದಳು.

ಕೈ ಚಾಚಿ ಗಂಟೆಯ ಸ್ವಿಚ್ ಆರಿಸಿದೆ.

ಆಗ ತಲೆಗೆ ಹೋಯಿತು ರುದ್ರಪಟ್ಟಣದವರ ಮಾತು. ಕಂಪನಿಯ ಆ ನೊಣದ ರಾಗ ಕಾರು ಜೋರಾದರೆ ಏರುತ್ತಿತ್ತು, ನಿಧಾನವಾದರೆ ಇಳಿಯುತ್ತಿತ್ತು. ನನ್ನ ಎತ್ತುಗಳು ಕಾರು ಎಷ್ಟೇ ಜೋರಾಗಿ ಬರಲಿ, ಒಂದೇ ನಡಿಗೆ. ಸದ್ದು ಅಜ್ಜಿಗೆ ಚೆನ್ನಾಗಿಯೇ ಕೇಳಿಸಿತ್ತು. ಅದು ಹೇಳಿದ್ದು ಸುಳ್ಳು.

ಮಾವ ನನ್ನನ್ನು ಹೊಡೆದಿದ್ದರೆ ಒಂದು ಲೆಕ್ಕ. ಹೊಡೆಯಲಿಲ್ಲ. ಕ್ಯಾನನ್ನು ಅಟ್ಟದ ಮೇಲೆ ಇಟ್ಟರು. "ಅವ್ವ ಇನ್ಮೇಲೆ ಡೈರಿಗೆ ಓಗಂಗಿಲ್ಲ" ಅಂದರು. ತಪ್ಪು ನನ್ನದು, ಶಿಕ್ಷೆ ಅವಳಿಗೆ. "ಮಾವ, ಕಾರ್ ಕೀ ಕಿತ್ಕೊಳ್ಳಿ, ಅಜ್ಜೀನ ಬಿಡಿ" ಅಂದೆ. "ನಿನ್ನ ಕಾರೊಂದೇನ್ಲಾ? ಇನ್ಮುಂದೆ ಬರೋವೆಲ್ಲ ಇಂಥವೇ. ಎಷ್ಟ್ ಗಾಡಿ ಕೀ ಕಿತ್ಕೊಳ್ಳಲಿ?" ಅಂದರು. ಬೇರೆ ಹೊತ್ತಲ್ಲಾದರೆ ಕನಿಷ್ಠ ಅವರ ದನಿಯನ್ನಾದರೂ ಅಣಕಿಸುತ್ತಿದ್ದೆ.

ಮಾವ ಸ್ಕೂಟರಿನಲ್ಲಿ ಹಾಲು ಒಯ್ಯತೊಡಗಿದರು. ದಿನಾ ಒಂದಿಷ್ಟು ಚೆಲ್ಲಿಕೊಂಡು ಬರುತ್ತಿದ್ದರು. ಹೊತ್ತಿಗೆ ಸರಿಯಾಗಿ ಅಜ್ಜಿ ಬಾಗಿಲಿಗೆ ಬಂದು ನಿಂತು, ಕತ್ತು ಓರೆ ಮಾಡಿ, ಡೈರಿಯ ಗಲಾಟೆ ಕೇಳಿಸಿಕೊಂಡು, ಒಳಗೆ ಹೋಗುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ಮಿಮಿಕ್ರಿ ಮಾಡಿ ನಗಿಸಿ ಹಗುರ ಮಾಡಿಕೊಳ್ಳುತ್ತಿದ್ದೆ. "ಅಜ್ಜಿ, ಡೈರಿ ಸೆಕ್ರೆಟರಿ ಹೆಂಗ್ ಮಾತಾಡ್ತಾರೆ ತೋರ್ಸಲಾ?" ಅಂದರೆ, "ನಿನ್ ಸೆಕ್ರೆಟರಿ ಯಾಕ್ಲಾ, ಅಸ್ಲಿ ಅಲ್ಲೇ ಅವ್ನಲ್ಲ" ಅಂದಳು.

ಹಳೆಯ ಸದ್ದನ್ನೇ ಮತ್ತೆ ಕೂರಿಸೋಣ ಅಂತ ಹಾಸನದ ಸರ್ವೀಸಿನವರ ಹತ್ತಿರ ಓಡಿದೆ. ಟೈ ಕಟ್ಟಿದ ಒಬ್ಬ ಹುಡುಗ ಬಗ್ಗಿ ನೋಡಿ, ಎದ್ದು, ನನ್ನ ಮುಖ ನೋಡಿ, ಮತ್ತೆ ಬಗ್ಗಿದ. "ಇಲಿ ಕಡ್ದಿದ್ಯಾ ಸರ್?" ಹೌದು, ದೊಡ್ಡ ಇಲಿ ಅಂದೆ. ವೈರಿನ ಕಟ್ಟನ್ನೇ ಪೂರ್ತಿ ಬದಲಿಸಬೇಕಂತೆ, ಸಾಮಾನು ಬರಬೇಕಂತೆ. ಫೋನು ಮಾಡಿದಾಗಲೆಲ್ಲ "ನಾಳೆ ಬರುತ್ತೆ ಸರ್". ಅವನ ಆ 'ನಾಳೆ'ಯನ್ನು ನಾನು ಎಷ್ಟು ಚೆನ್ನಾಗಿ ಕಲಿತುಬಿಟ್ಟೆ ಅಂದರೆ, ಒಂದು ದಿನ ಫೋನಿನಲ್ಲಿ ಅವನ ದನಿಯಲ್ಲೇ ಅವನಿಗೆ ಹೇಳಿದೆ. ಅವನು ಗಾಬರಿಯಾಗಿ "ಯೆಸ್ ಸರ್" ಅಂದ. ಸಾಮಾನು ಮಾತ್ರ ತನಗೆ ಬೇಕಾದಾಗಲೇ ಬಂತು.

ಹಳೆಯ ಸದ್ದು ಮತ್ತೆ ಬಂದ ದಿನವೇ ಮಾವನ ಕಾಲು ಹಿಡಿದೆ. ಒಂದೇ ಒಂದು ಪರೀಕ್ಷೆ, ಅಜ್ಜಿ ಪಾಸಾದರೆ ಕ್ಯಾನು ಅಟ್ಟದಿಂದ ಇಳಿಯಬೇಕು. ಒಪ್ಪಿದರು. ಸಂಜೆ ಅಜ್ಜಿಯನ್ನು ರಸ್ತೆಯಂಚಿಗೆ ನಿಲ್ಲಿಸಿದೆವು. ನಾನು ದೂರದಿಂದ ಬರಬೇಕು, ಸದ್ದು ಕೇಳಿದ ಕೂಡಲೇ ಅವಳು ಕೈ ಎತ್ತಬೇಕು. ಆದರೆ ಊರೇ ನೋಡಲು ಬಂದು ನಿಂತಿತ್ತು. ನಾನು ಹೊರಡುವ ಮುಂಚೆಯೇ "ಬಂತು ಬಂತು, ಕೈ ಎತ್ತಜ್ಜಿ!" ಅಂತ ಕೂಗಿದರು. "ನಿಮ್ ಬಾಯಿಗ್ ಮಣ್ಣಾಕ" ಅಂತ ಅಜ್ಜಿ ಅವರ ಕಡೆ ತಿರುಗಿದಳು. ಎರಡನೇ ಸಲ ಎಲ್ಲರೂ ಬಾಯಿ ಮುಚ್ಚಿದರು, ಹಿಟ್ಟಿನ ಗಿರಣಿ ಶುರುವಾಯಿತು. ಕಾರು ಹತ್ತಿರ ಬಂದು ನಿಲ್ಲುವ ತನಕ ಅವಳ ಕೈ ಮೇಲೇಳಲೇ ಇಲ್ಲ.

"ನೋಡ್ದಾ?" ಅಂದರು ಮಾವ, ನನಗೆ. ಗೆದ್ದವರ ದನಿಯಲ್ಲ, ಸೋತವರದೇ. "ನಡಿ ಅವ್ವ, ಒಳಿಕ್ಕೆ."

ನನಗೆ ಅಳು ಬರುವಷ್ಟು ರೇಗಿತು. ಗಿರಣಿಯ ಮೇಲೆ, ಮಾವನ ಮೇಲೆ, ಕಂಪನಿಯ ನೊಣದ ಮೇಲೆ, ನನ್ನ ಮೇಲೆ. ಕಾರಿಂದ ಇಳಿದು ಓಡಿಹೋಗಿ ಅಜ್ಜಿಯ ಕೈ ಹಿಡಿದುಕೊಂಡೆ. "ಅಜ್ಜಿ, ಇನ್ನೊಂದ್ ಸಲ. ಇನ್ನೂ ಜೋರಾಗಿರೋದು ಹಾಕುಸ್ತೀನಿ. ಈ ಸಲ ಕಾರ್ ಜೋರಾದ್ರೆ ಅದೂ ಜೋರಾಗೋ ಹಂಗೆ ಮಾಡುಸ್ತೀನಿ. ಯಾವ್ ಸದ್ದು ಬೇಕೋ ನೀನೇ ಹೇಳು. ನಿಂಗೆ ಕೇಳ್ಸಿದ್ರೆ ಸಾಕು."

ಅಜ್ಜಿ ಕೈ ಬಿಡಿಸಿಕೊಂಡಳು. ಮುಖವನ್ನು ನನ್ನ ಕಡೆ ಎತ್ತಿದಳು, ಆ ಮುಕ್ಕಾಲು ಹೋದ ಕಣ್ಣು ನನ್ನ ಹಣೆಯ ಮೇಲೆಲ್ಲೋ ನಿಂತಿತು. ಹಾಲು ಚೆಲ್ಲಿದ ಆ ಸಂಜೆ ಅವಳು ರಸ್ತೆಗೆ ಇಳಿದದ್ದನ್ನು ನಾನು ನೋಡಿದ್ದೆ ಅಂತ ಯಾರಿಗೂ ಹೇಳಿರಲಿಲ್ಲ. ಅವಳಿಗಂತೂ ಹೇಳಿರಲಿಲ್ಲ. ಅವಳಾಡಿದ್ದು ಒಂದೇ ಮಾತು. ಅದಾದ ಮೇಲೆ ಮಾವ ಒಳಗೆ ಹೋಗಿ ಅಟ್ಟದಿಂದ ಕ್ಯಾನು ಇಳಿಸಿ ತಂದುಕೊಟ್ಟರು. ನಾನು ಈಗ ಊರಿನ ಮೊದಲ ಮನೆಯಿಂದಲೇ ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡು ತೆವಳುತ್ತಾ ಬರುತ್ತೇನೆ. ಹಾಲಿನ ಹೊತ್ತಾದರೆ ಡೈರಿಯ ಎದುರು ಕಾರು ನಿಲ್ಲಿಸಿ, ಅವಳು ದಾಟುವ ತನಕ ಕಾಯುತ್ತೇನೆ. ಗಂಟೆಗಳು ಮತ್ತೆ ಮೊಳೆಗೆ ಸೇರಿವೆ. ಎಲ್ಲರ ದನಿಯನ್ನೂ ಹಿಡಿದು ಬದುಕುವ ನನಗೆ ಆ ಮಾತನ್ನು ಮಾತ್ರ ಅವಳ ದನಿಯಲ್ಲಿ ಹೇಳಲು ಇವತ್ತಿಗೂ ಬಂದಿಲ್ಲ. ಇದ್ದದ್ದು ಇದ್ದಂತೆ ಬರೆದಿಡುತ್ತೇನೆ:

"ನಂಗ್ ಕಣ್ ಕಾಣಾಕಿಲ್ಲ ಅಂತ ಗಾಡಿಗೆ ಬಾಯಿ ಕೊಡುಸ್ದೆ, ಸರಿ. ನಿಂಗ್ ಕಣ್ ಕಾಣ್ತವಲ್ಲಾ, ಬಿರೇಕು ಎಲ್ಲೈತೆ ಅಂತ ಗೊತ್ತೇನ್ಲಾ?"